ಕಾಣೆಯಾದ ಹನ್ನೊಂದು ಚುಕ್ಕೆಗಳು

ಕಾಣೆಯಾಗಿದ್ದು ಹನ್ನೊಂದು ಬಿಳಿ ಚುಕ್ಕೆಗಳು.

ಎರಡು ವಾರದ ಹಿಂದಿನ ಚಿತ್ರದಲ್ಲಿ ಅವು ಇದ್ದವು. ಮೆದುಳಿನ ಬಿಳಿ ಭಾಗದಲ್ಲಿ ಅಕ್ಕಿಕಾಳಿನಷ್ಟು ಕೆಲವು, ಹುರುಳಿಕಾಳಿನಷ್ಟು ಕೆಲವು. ಇವತ್ತಿನ ಚಿತ್ರದಲ್ಲಿ ಒಂದೂ ಇಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ.

ಸ್ಕ್ಯಾನ್ ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಹದಿನಾರು ವರ್ಷದಿಂದ ಇದೇ ಎಂಆರ್‌ಐ ಯಂತ್ರದ ಮುಂದೆ ಕೂತವಳು. ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಇಂಥ ಚುಕ್ಕೆಗಳು ಒಂದಿಷ್ಟು ಕುಗ್ಗುವುದುಂಟು. ಹನ್ನೊಂದಕ್ಕೆ ಹನ್ನೊಂದೂ ಹದಿನಾಲ್ಕೇ ದಿನದಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದನ್ನು ಅವಳು ಕಂಡಿರಲಿಲ್ಲ.

ಗಾಜಿನ ಆಚೆ, ಯಂತ್ರದ ಹೊಟ್ಟೆಯೊಳಗೆ, ಶಾಲಾ ವ್ಯಾನಿನ ಡ್ರೈವರ್ ಮಲಗಿದ್ದಳು. ಮೂವತ್ತೆಂಟರ ಹೆಂಗಸು. ತಲೆನೋವು, ಬೆರಳಲ್ಲಿ ಜೋಮು ಎಂದು ಬಂದವಳು. ಮೊದಲ ಚಿತ್ರ ನೋಡಿದ ನರರೋಗದ ಡಾಕ್ಟರು, ದೇಹವೇ ತನ್ನ ನರಗಳ ಹೊದಿಕೆಯನ್ನು ಕಿತ್ತು ತಿನ್ನುವ ಕಾಯಿಲೆ ಇದ್ದೀತು, ವ್ಯಾನ್ ಮುಟ್ಟಬೇಡಿ ಎಂದಿದ್ದರು. ಇವತ್ತು ಇಂಜೆಕ್ಷನ್ ಕೊಟ್ಟು ಇನ್ನೊಮ್ಮೆ ಚಿತ್ರ ತೆಗೆಯಬೇಕು, ಸಂಜೆಯಿಂದಲೇ ಜೋರಾದ ಔಷಧಿ ಶುರು.

ಹೊರಗೆ ಬೆಂಚಿನ ಮೇಲೆ ಅವಳ ಎಂಟು ವರ್ಷದ ಮಗಳು ಕೂತಿದ್ದಳು. ಯಾವ ಮಗು ಬಂದರೂ ಚಾಕೊಲೇಟ್ ಕೊಟ್ಟು ಮಾತಾಡಿಸುವ ಕೌಂಟರಿನಾಕೆ ಇವತ್ತೇಕೋ ತಲೆಯೆತ್ತಿರಲಿಲ್ಲ. ಹುಡುಗಿಯ ಜಡೆ ಸೊಟ್ಟ. ಒಂದು ಎಳೆ ಆಗಲೇ ತಪ್ಪಿಸಿಕೊಂಡು ಕಿವಿಯ ಮೇಲೆ ಇಳಿದಿತ್ತು. ಸ್ಕ್ಯಾನ್ ಅಕ್ಕ ಸರಿಮಾಡಲು ಕೈ ಚಾಚಿದಾಗ ಅವಳು ತಲೆ ಹಿಂದಕ್ಕೆಳೆದುಕೊಂಡಿದ್ದಳು.

"ಬೇಡ ಆಂಟಿ. ನಾನೇ ಕಲೀಬೇಕು. ಅಮ್ಮನ ಕೈಗೆ ಆಮೇಲೆ ಆಗಲ್ವಂತೆ."

ಆ ಮಾತು ಸ್ಕ್ಯಾನ್ ಅಕ್ಕನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

* * *

ಮೊದಲ ಅನುಮಾನ ಯಂತ್ರದ ಮೇಲೆ. ಅವತ್ತು ತೆಗೆದ ಬೇರೆ ಚಿತ್ರಗಳನ್ನು ತೆರೆದಳು. ಎಲ್ಲವೂ ಸರಿ. ಎರಡನೆಯ ಅನುಮಾನ ಡಾಕ್ಟರ ಮೇಲೆ. ಆದರೆ ಚುಕ್ಕೆಗಳು ಚಿತ್ರದಲ್ಲೇ ಕೂತಿದ್ದವು. ಅವರು ಕಂಡದ್ದನ್ನು ಬರೆದಿದ್ದರು, ಅಷ್ಟೇ.

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟಳು. ಆಗ ಕಂಡಿತು.

ಚಿತ್ರದಲ್ಲಿ ಎಡ ಬಲ ಅದಲುಬದಲಾಗಬಾರದೆಂದು ಪ್ರತಿಯೊಬ್ಬರ ಹಣೆಯ ಬಲ ಅಂಚಿಗೆ ಒಂದು ಮೀನೆಣ್ಣೆ ಮಾತ್ರೆ ಅಂಟಿಸುವುದು ಅವಳ ಹಳೆಯ ಅಭ್ಯಾಸ. ಎಣ್ಣೆ ಚಿತ್ರದಲ್ಲಿ ಪುಟ್ಟ ದೀಪದಂತೆ ಹೊಳೆಯುತ್ತದೆ. ಈಗಿನ ಕಾಲಕ್ಕೆ ಅದು ಬೇಕಿಲ್ಲ. ಎಡ ಬಲ ಕಂಪ್ಯೂಟರೇ ಬರೆಯುತ್ತದೆ. ಬೆಳಗಿನ ಪಾಳಿಯವನಂತೂ ಅದನ್ನು ಮುಟ್ಟುವುದಿಲ್ಲ. ಬಾಯಿಗೆ ಬಿಡುವಿಲ್ಲದ ಅವನಿಗೆ ಕೇಂದ್ರದಲ್ಲಿ ರೇಡಿಯೋ ಎಂದು ಹೆಸರು. "ಅಕ್ಕಾ, ಮೀನು ತಲೇಲಿ ಈಜ್ತಾ ಇದೆ" ಎಂದು ದಿನಾ ಆಡಿಕೊಳ್ಳುತ್ತಿದ್ದ.

ಇವತ್ತಿನ ಚಿತ್ರದಲ್ಲಿ ದೀಪ ಇತ್ತು. ಎರಡು ವಾರದ ಹಿಂದಿನದರಲ್ಲಿ ಇರಲಿಲ್ಲ. ಅವತ್ತು ವ್ಯಾನಿನವಳು ಬಂದದ್ದು ಹನ್ನೆರಡೂವರೆಗೆ. ರಿಜಿಸ್ಟರಿನಲ್ಲಿ ಸ್ಕ್ಯಾನ್ ಅಕ್ಕನದೇ ಅಕ್ಷರ, ಅವಳದೇ ಪಾಳಿ.

ಅಂದರೆ ಆ ಹನ್ನೊಂದು ಚುಕ್ಕೆಯ ತಲೆ ಇವಳದಲ್ಲ.

ಹಾಗಾದರೆ ಇವಳ ತಲೆ ಎಲ್ಲಿ? ಅವತ್ತು ಬೆಳಿಗ್ಗೆ ರೇಡಿಯೋ ತೆಗೆದ ನಾಲ್ಕು ಚಿತ್ರಗಳನ್ನು ಒಂದೊಂದಾಗಿ ತೆರೆದಳು. ಮೊದಲನೆಯದರಲ್ಲಿ ದೀಪವಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ, ಹಣೆಯ ಬಲ ಅಂಚಿನಲ್ಲಿ, ಮಾತ್ರೆ ಮಿನುಗುತ್ತಿತ್ತು. ಕೆಳಗಿದ್ದ ಹೆಸರು ಒಬ್ಬ ಗಂಡಸಿನದು. ನಲವತ್ತು ವರ್ಷ. ಮೆದುಳಿನ ಚಿತ್ರ ನೋಡಿ ಗಂಡೋ ಹೆಣ್ಣೋ ಎಂದು ಯಾರು ಹೇಳಬೇಕು? ವಯಸ್ಸೂ ಹತ್ತಿರ ಹತ್ತಿರ. ವರದಿ: ಯಾವ ದೋಷವೂ ಇಲ್ಲ.

ಕೆಲಸದ ಕಾಲಂ ಅವಳು ಎರಡು ಸಲ ಓದಿದಳು. ಕಟ್ಟಡದ ಕ್ರೇನ್ ಆಪರೇಟರ್. ಕಣ್ಣು ಎರಡೆರಡಾಗಿ ಕಾಣುತ್ತದೆ ಎಂದದ್ದಕ್ಕೆ ಕಂಪನಿಯವರು ಪರೀಕ್ಷೆಗೆ ಕಳಿಸಿದ್ದರು.

* * *

ಇಂಜೆಕ್ಷನ್ ಕೊಡದೆ ವ್ಯಾನಿನವಳನ್ನು ಯಂತ್ರದಿಂದ ಇಳಿಸಿ ಒಳಗಿನ ಕೋಣೆಯಲ್ಲಿ ಕೂರಿಸಿ ಬಂದಳು. ಪಾಳಿ ಮುಗಿಸಿದ ರೇಡಿಯೋ ಕೈ ತೊಳೆಯುತ್ತಿದ್ದ. ಹೆಸರು ಹಾಕುವಾಗ ಎಡವಿದೆಯಾ ಎಂದು ಅವಳು ನೇರವಾಗಿ ಕೇಳಿದಳು.

"ನಾನು ಮನೆಗೆ ಹೋದಮೇಲಲ್ವಾ ಅಕ್ಕಾ ನೀವು ಆಯಮ್ಮನ್ನ ಒಳಗೆ ಕರ್ಕೊಂಡಿದ್ದು? ಆಗ ಇಲ್ಲದ ಚಿತ್ರಾನ ನಾನು ಹೇಗೆ ಬದಲಾಯಿಸ್ಲಿ?"

ಮಾತು ಸರಿಯಾಗಿತ್ತು. ಕಂಪ್ಯೂಟರಿನ ದಾಖಲೆಯೂ ಅದನ್ನೇ ಹೇಳಿತು. ಅವತ್ತು ಮಧ್ಯಾಹ್ನ ಎರಡು ಹತ್ತಕ್ಕೆ, ಒಂದೇ ನಿಮಿಷದೊಳಗೆ, ಎರಡು ಹೆಸರು ತಿದ್ದಲಾಗಿತ್ತು. ಕೈತಪ್ಪಿ ಆದದ್ದಾದರೆ ಒಂದು ಕಡೆ ಆಗುತ್ತದೆ. ಇದು ಲೆಕ್ಕಾಚಾರದ ಅದಲುಬದಲು. ತಿದ್ದಿದ್ದು ಕೌಂಟರಿನ ಕಂಪ್ಯೂಟರಿನಿಂದ.

"ಆ ಕ್ರೇನಿನವರ ಚಿತ್ರ ನೋಡಿ ಯಾರ ಹತ್ರಾನಾದ್ರೂ ಏನಾದ್ರೂ ಅಂದ್ಯಾ?"

ರೇಡಿಯೋ ನಿಂತುಹೋಯಿತು. ಟೀ ಕುಡಿಯುವಾಗ, ಕೌಂಟರಿನ ಮೇಡಂ ಕೇಳಿದರೆಂದು, ಚುಕ್ಕೆ ಜಾಸ್ತಿ ಇವೆ ಪಾಪ ಎಂದಿದ್ದನಂತೆ.

ಸ್ಕ್ಯಾನ್ ಅಕ್ಕ ಆ ರೋಗಿಯ ಅರ್ಜಿ ಹುಡುಕಿ ತೆಗೆದಳು. ಮೈಯಲ್ಲಿ ಲೋಹ ಇದೆಯೇ, ಇಲ್ಲ. ತುರ್ತಿಗೆ ಯಾರಿಗೆ ಹೇಳಬೇಕು, ಅಕ್ಕನಿಗೆ. ಮುಂದೆ ಒಂದು ಫೋನ್ ನಂಬರ್. ಆ ನಂಬರ್ ಅವಳಿಗೆ ಬಾಯಿಪಾಠ. ಬಸ್ಸು ತಪ್ಪಿದ ದಿನವೆಲ್ಲ, ಬರುವುದು ತಡ ಎಂದು ಹೇಳಲು ಅವಳು ಒತ್ತುತ್ತಿದ್ದದ್ದು ಅದೇ ಹತ್ತು ಅಂಕಿ.

* * *

ಕೌಂಟರಿನಾಕೆಗೆ ಐವತ್ತು ದಾಟಿತ್ತು. ಸ್ಕ್ಯಾನ್ ಅಕ್ಕ ಎರಡು ಚಿತ್ರಗಳನ್ನೂ ಅರ್ಜಿಯನ್ನೂ ಮುಂದಿಟ್ಟು, ಮಾತ್ರೆಯ ದೀಪವನ್ನು ಬೆರಳಿಟ್ಟು ತೋರಿಸಿ, ಎರಡು ಹತ್ತರ ವಿಷಯ ಹೇಳಿದಳು. ದನಿ ಏರಿಸಲಿಲ್ಲ.

ಆಕೆ ಅಲ್ಲವೆನ್ನಲಿಲ್ಲ. ತಾನೇ ಎತ್ತಿ ಬೆಳೆಸಿದ ತಮ್ಮ, ಕ್ರೇನ್ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ, ಚುಕ್ಕೆ ಎಂದು ಬರೆದರೆ ಕೆಳಗಿಳಿಸಿ ಮನೆಗೆ ಕಳಿಸುತ್ತಾರೆ ಎಂದಳು.

"ವ್ಯಾನಿನವಳಿಗೆ ಏನೂ ಇದ್ದ ಹಾಗಿಲ್ಲ ಅಂತ ನೀನೇ ಅವತ್ತು ಊಟದ ಡಬ್ಬಿ ತೊಳೀತಾ ಅಂದಿದ್ದೆ. ಹೇಗೂ ಅವಳಿಗೆ ಇನ್ನೊಂದ್ಸಲ ತೆಗೀತಾರೆ, ಆಗ ಸರಿಹೋಗುತ್ತೆ ಅಂದ್ಕೊಂಡೆ ಕಣೇ."

ದಿನಕ್ಕೆ ಹತ್ತಾರು ತಲೆ ನೋಡುವ ಸ್ಕ್ಯಾನ್ ಅಕ್ಕನಿಗೆ ತಾನಾಡಿದ ಆ ಮಾತು ಈಗಷ್ಟೇ ನೆನಪಾಯಿತು. ತನ್ನ ನಾಲಿಗೆಯೂ ರೇಡಿಯೋಗೇನೂ ಕಮ್ಮಿಯಿಲ್ಲ.

"ನಿನ್ನ ತಮ್ಮ ಈಗ ಎಲ್ಲಿದ್ದಾನೆ?"

ಕೌಂಟರಿನಾಕೆ ಗೋಡೆಯ ಗಡಿಯಾರ ನೋಡಿದಳು. "ಮೇಲೆ."

"ಕಣ್ಣು ಎರಡೆರಡು ಕಾಣೋನು ಅಷ್ಟು ಎತ್ತರದಲ್ಲಿ. ಕೆಳಗೆ ಇಪ್ಪತ್ತು ಜನ. ಅವನ ಕೆಲಸ ಉಳಿಸಿದ್ದೀಯೋ, ಅವನನ್ನೇ ಕಳ್ಕೊಳ್ತೀಯೋ? ಫೋನ್ ಮಾಡು."

ಆಕೆ ಫೋನ್ ತೆಗೆದು ತಮ್ಮನ ಹೆಸರು ತೋರಿಸಿದಳು. ಸ್ಕ್ಯಾನ್ ಅಕ್ಕನೇ ಒತ್ತಿಕೊಟ್ಟಳು. ಕೊಕ್ಕೆಯಲ್ಲಿರುವ ಭಾರ ನೆಲಕ್ಕಿಳಿಸಿ, ಯಂತ್ರ ನಿಲ್ಲಿಸಿ, ಏಣಿಯ ಒಂದೊಂದೇ ಮೆಟ್ಟಿಲು ಹಿಡಿದು ಬಾ ಎಂದು ಕೌಂಟರಿನಾಕೆ ತಮ್ಮನಿಗೆ ಹೇಳಿದಳು. ಯಾಕೆ ಎಂದು ಅವನು ಕೇಳಿದ್ದಕ್ಕೆ, ಮೊದಲು ಇಳಿ ಎಂದಳು. ಫೋನಿನಲ್ಲಿ ಗಾಳಿಯ ಸದ್ದು ಮಾತ್ರ. ಹತ್ತು ನಿಮಿಷ ಇಬ್ಬರೂ ಫೋನಿಗೆ ಕಿವಿಗೊಟ್ಟು ನಿಂತರು.

"ಇಳಿದೆ ಕಣಕ್ಕಾ. ನೆಲದ ಮೇಲಿದ್ದೀನಿ. ಏನಾಯ್ತು ಹೇಳೀಗ."

ಆಗ ಆಕೆ ಅತ್ತಳು.

* * *

ಸಂಜೆಯ ಹೊತ್ತಿಗೆ ಎಲ್ಲ ಬಿಡಿಸಿಕೊಂಡಿತು. ಕೇಂದ್ರದ ಮುಖ್ಯಸ್ಥರು ಕೌಂಟರಿನಾಕೆಯ ಕೀಲಿಕೈ ವಾಪಸು ಪಡೆದು, ಪೊಲೀಸರಿಗೆ ದೂರು ಬರೆದರು. ಆಕೆ ಎದುರಾಡದೆ ಸಹಿ ಮಾಡಿದಳು. ಕ್ರೇನಿನವನನ್ನು ಡಾಕ್ಟರು ಒಂದು ಗಂಟೆ ಪರೀಕ್ಷಿಸಿದರು. ಕಾಯಿಲೆ ಇದೆ, ಆದರೆ ಬೇಗ ಸಿಕ್ಕಿಬಿದ್ದಿದೆ, ಔಷಧಿಯಿಂದ ಹತೋಟಿಗೆ ತರಬಹುದು ಎಂದರು.

ವ್ಯಾನಿನವಳನ್ನೂ ಮತ್ತೆ ಕೂರಿಸಿ ನೋಡಿದರು. ಜೋಮು ಹಿಡಿದಿದ್ದು ಮಣಿಕಟ್ಟಿನ ನರ ಒತ್ತಿಕೊಂಡು, ವರ್ಷಗಟ್ಟಲೆ ಸ್ಟೀರಿಂಗ್ ಬಿಗಿಹಿಡಿದದ್ದಕ್ಕೆ. ತಲೆನೋವು ಕಣ್ಣಿನ ಪವರಿಗೆ. ಒಂದು ಪಟ್ಟಿ, ಒಂದು ಕನ್ನಡಕ. ಅಷ್ಟೇ.

ಅವಳು ಹೊರಗೆ ಬಂದು ಬೆಂಚಿನ ಮೇಲೆ ಕುಸಿದು ಕೂತಳು. ನಕ್ಕಳೋ ಅತ್ತಳೋ, ಸ್ಕ್ಯಾನ್ ಅಕ್ಕನಿಗೆ ತಿಳಿಯಲಿಲ್ಲ. ಆಮೇಲೆ ಮಗಳನ್ನು ಎಳೆದು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಸೊಟ್ಟ ಜಡೆಯ ರಬ್ಬರ್ ಬ್ಯಾಂಡ್ ತೆಗೆದಳು.

"ಅಮ್ಮಾ, ನಂಗೇ ಬರುತ್ತೆ ಈಗ," ಎಂದಳು ಹುಡುಗಿ.

"ಬರ್ಲಿ ಬಿಡು," ಎಂದಳು ಅಮ್ಮ, ಕೂದಲನ್ನು ಮೂರು ಪಾಲು ಮಾಡುತ್ತ. "ನೀನು ದೊಡ್ಡವಳಾಗೋವರೆಗೂ ನಾನೇ ಹಾಕ್ತೀನಿ. ಅಲ್ಲಾಡ್ಬೇಡ."

ಬೆರಳುಗಳಿಗೆ ಇನ್ನೂ ಜೋಮಿತ್ತು. ಜಡೆ ಮಾತ್ರ ನೇರವಾಗಿ ಬಂತು.