ಯಾರ ಹೆಸರೂ ಇಲ್ಲದ ತುಂಡು

"ಎಲ್ಲ ನೆಲ ಅಳತೆ ಮಾಡಿ. ಆ ತುಂಡು ಮಾತ್ರ ಬಿಟ್ಟುಬಿಡಿ," ಎಂದರು ವರ್ಗವಾಗಿ ಹೊರಟಿದ್ದ ಹಳೆಯ ಭೂಮಾಪನ ಅಧಿಕಾರಿ. ಕಚೇರಿಯ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟರೂ ಅವುಗಳ ಮೇಲಿಂದ ಕೈ ತೆಗೆದಿರಲಿಲ್ಲ.

ಹೊಸದಾಗಿ ಬಂದ ಅಧಿಕಾರಿ ಗೋಡೆಯ ನಕ್ಷೆ ನೋಡಿದ. ಗುಡ್ಡದ ಇಳಿಜಾರಿಗೆಲ್ಲ ಬಣ್ಣ ತುಂಬಿತ್ತು. ಉಳುಮೆಗೆ ಹಳದಿ, ಮೇವಿಗೆ ತಿಳಿಹಸಿರು, ಕಾಡಿಗೆ ಕಡುಹಸಿರು. ನಟ್ಟನಡುವೆ ಅಂಗೈಯಷ್ಟು ಬಿಳಿ.

"ಯಾಕೆ ಸರ್, ಅದನ್ನ ದೆವ್ವಕ್ಕೆ ಮಂಜೂರು ಮಾಡಿದ್ದೀರಾ?"

"ಅದು ಒಬ್ಬ ಮುದುಕಿಯ ನೆಲ. ನಮ್ಮ ಕಚೇರಿಯವನೇ ಗಡಿಕಲ್ಲು ಸರಿಸಿ ಇನ್ನೊಬ್ಬನಿಗೆ ಸೇರಿಸಿಬಿಟ್ಟ. ಅವಳು ಮಾಟ ಬಲ್ಲವಳು. ತಲೆಗೂದಲು ಕಿತ್ತು ಅಲ್ಲಿ ಹೂತು, ಇದನ್ನ ನಂದು ಅಂದೋನನ್ನ ಈ ಮಣ್ಣು ಕರಕೊಳ್ಳಲಿ ಅಂದಳಂತೆ. ಕರಕೊಂಡಿತು. ಅವನಾದ ಮೇಲೆ ಅವನ ಮಗ. ಆಮೇಲೆ ಆ ಮಗನ ಮಗಳು. ವಾರಸುದಾರರು ಮುಗಿದ ಮೇಲೇ ಅದು ಹೀಗೆ ಬೆಳ್ಳಗಾಗಿದ್ದು."

"ವಾರಸುದಾರಿಕೆ ಅಷ್ಟು ಸಲೀಸಾಗಿ ಆಗೋದಾದ್ರೆ ನಮಗೆ ಸಂಬಳ ಯಾಕೆ ಕೊಡ್ತಿದ್ರು ಸರ್?"

ಹಳಬರು ನಗಲಿಲ್ಲ. "ನಿಮಗೆ ಮಕ್ಕಳಿದ್ದಾರಾ?"

"ಒಬ್ಬಳೇ ಮಗಳು. ಆರು ವರ್ಷ."

"ಹಾಗಾದ್ರೆ ಕೈಮುಗಿದು ಕೇಳ್ತೀನಿ," ಎಂದವರು ನಿಜಕ್ಕೂ ಕೈಮುಗಿದರು. ಹೊಸಬನಿಗೆ ಮುಜುಗರವಾಯಿತೇ ಹೊರತು ಭಯವಾಗಲಿಲ್ಲ.

ಅವನು ಕೆಟ್ಟವನಲ್ಲ. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆಂದು ಬಡವನಿಗೂ ಗೊತ್ತಿರಬೇಕು, ಇಳಿಜಾರಿನ ಮಣ್ಣು ಕೊಚ್ಚಿಹೋಗಬಾರದು, ಇಂಥ ಆಸೆಗಳಿದ್ದವನು. ದಾಖಲೆ ತಿದ್ದಿ ತಿನ್ನುವವರ ಕಾಟ ತಪ್ಪಲೆಂದು, ಒಮ್ಮೆ ಪ್ರಕಟವಾದ ಹೆಸರನ್ನು ಯಾರೂ ಅಳಿಸಲಾಗದ ಹೊಸ ವ್ಯವಸ್ಥೆಯನ್ನು ಇಲಾಖೆಗೆ ತಂದವನೂ ಅವನೇ. ಆ ಬಿಳಿ ತುಂಡಿನಲ್ಲಿ ಸಸಿಮಡಿ ಮಾಡಿಸಬೇಕೆಂದು ಅಂದೇ ತೀರ್ಮಾನಿಸಿದ.

ಅಳೆಯಲು ಒಬ್ಬನೇ ಹೋದ. ಜೊತೆಯವರಿಗೆಲ್ಲ ಅವತ್ತೇ ಜ್ವರ ಬಂದಿತ್ತು! ಸುತ್ತಲಿನ ಹುಲ್ಲುಗಾವಲಿನಲ್ಲಿ ಜೀರುಂಡೆ ಕಿವಿ ತೂತು ಬೀಳುವಂತೆ ಕೂಗುತ್ತಿದ್ದವು. ಆ ತುಂಡಿನೊಳಗೆ ಕಾಲಿಟ್ಟೊಡನೆ ಸದ್ದೇ ಇಲ್ಲ. ಎಂದೋ ಮುಚ್ಚಿಟ್ಟ ಪೆಟ್ಟಿಗೆಯ ಮುಗ್ಗಲು ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಕಾಲಡಿಯ ಮಣ್ಣು ಬೆಚ್ಚಗಿತ್ತು. ಬಿಸಿಲಿಗೆ, ಅಂದುಕೊಂಡ. ಬಿಸಿಲಿರಲಿಲ್ಲ.

ಕಚೇರಿಗೆ ಬಂದು ಅಳತೆ ಸೇರಿಸಿದರೆ, ಮಾಲೀಕರ ಹೆಸರಿಲ್ಲದ ಜಾಗವನ್ನು ಕಂಪ್ಯೂಟರ್ ಒಪ್ಪಲಿಲ್ಲ. ಇಂಥ ಹೊತ್ತಿನಲ್ಲಿ ಆ ಕೆಲಸದವರೆಲ್ಲ ಮಾಡುವುದನ್ನೇ ಅವನೂ ಮಾಡಿದ. ಸದ್ಯಕ್ಕಿರಲಿ ಎಂದು ತನ್ನ ಹೆಸರು ಹಾಕಿದ, ನಾಳೆ ತೆಗೆದರಾಯಿತು. ಆದರೆ ಮೇಲಧಿಕಾರಿಗೆ ಸಮಾರಂಭದ ಅವಸರ. ಮರುದಿನ ಬೆಳಿಗ್ಗೆ ಇವನು ಕಚೇರಿಗೆ ಬರುವ ಮೊದಲೇ ಚಪ್ಪಾಳೆಯ ನಡುವೆ ನಕ್ಷೆ ಪ್ರಕಟವಾಗಿಬಿಟ್ಟಿತ್ತು.

ಅವತ್ತು ಮಧ್ಯಾಹ್ನದ ಮೊದಲ ತುತ್ತೇ ಮಣ್ಣು ಮಣ್ಣಾಯಿತು. ಉಗಿದ. ಅಕ್ಷರಶಃ ಮಣ್ಣು, ಅದರಲ್ಲಿ ಉದ್ದನೆಯದೊಂದು ಬಿಳಿಗೂದಲು.

ಮನೆಗೆಂದು ಹೊರಟ ಕಾಲುಗಳು ಗುಡ್ಡದ ಕಡೆಗೆ ತಿರುಗತೊಡಗಿದವು. ಒಂದು ಸಂಜೆ ಹೆಂಡತಿ ಹುಡುಕಿಕೊಂಡು ಬಂದಾಗ ಆ ತುಂಡಿನ ಅಂಚಿನಲ್ಲಿ ಬರಿಗಾಲಲ್ಲಿ ನಿಂತಿದ್ದ. ಅವನ ಬಾಯಿಂದಲೇ ವಿಷಯ ಕೇಳಿದವಳು ಅವನ ತೋಳು ಹಿಡಿದು ಈಚೆ ಎಳೆದಳು. "ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ್ರಲ್ರೀ! ನೀವಾದ್ಮೇಲೆ ಅದು ಯಾರಿಗೆ ಬರತ್ತೆ ಅಂತ ಯೋಚನೆ ಮಾಡಿದ್ರಾ?"

ಅವನಿಗೆ ಯೋಚಿಸುವುದೇನೂ ಉಳಿದಿರಲಿಲ್ಲ. ತಾನು ಬದುಕಿರುವಷ್ಟು ದಿನ ಮಾತ್ರ ಮಗಳು ಕ್ಷೇಮ.

"ಅಳಿಸೋಕೆ ದಾರಿಯೇ ಇಲ್ಲ ಸರ್," ಎಂದ ಗುಮಾಸ್ತ, ಇವನ ಮುಖ ನೋಡದೆ. "ಆ ದಾರೀನ ನೀವೇ ತೆಗೆಸಿದ್ದಲ್ವಾ? ಯಾರಾದ್ರೂ ಒಪ್ಪಿ ತಗೊಂಡ್ರೆ ಅವರ ಹೆಸರಿಗೆ ಮಾಡಬಹುದು."

ಪುಕ್ಕಟೆ ನೆಲ ಎಂದರೆ ಜನ ಮುಗಿಬೀಳುತ್ತಾರಂತೆ. ಇವನನ್ನು ಕಂಡರೆ ಬಾಗಿಲು ಹಾಕಿಕೊಂಡರು. ಸರ್ಕಾರಕ್ಕೇ ಬಿಟ್ಟುಕೊಡುತ್ತೇನೆಂದು ಮೇಲಧಿಕಾರಿಯ ಕಾಲು ಹಿಡಿದ. ಸಭೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಗುಡುಗುವ ಮನುಷ್ಯ ಅವರು. ಕಡತವನ್ನು ಬೆರಳ ತುದಿಯಲ್ಲಿ ಆಚೆ ತಳ್ಳಿ, "ನೋಡೋಣ, ನೋಡೋಣ" ಎಂದರು. ಇವನು ಹೊರಗಿನ ಬೆಂಚಿನ ಮೇಲೆ ಮಣ್ಣು ಕಾರುತ್ತಾ ದಿನವೂ ಕೂತ. ಕಡೆಗೆ ಅವರಿಗೂ ಅಯ್ಯೋ ಅನ್ನಿಸಿತು. ಒಪ್ಪಿದರು. ಆದರೆ ನಿಯಮದಂತೆ ಮಾಲೀಕ ಆ ಜಾಗದಲ್ಲಿ ನಿಂತು ಗಡಿ ತೋರಿಸಬೇಕು, ಸಹಿ ಆಮೇಲೆ.

ಹೋಗದೆ ವಿಧಿಯಿರಲಿಲ್ಲ. ಇವನ ಕಾಲು ಹಿಡಿತದಲ್ಲಿಲ್ಲವೆಂದು ಹೆಂಡತಿಯೇ ಕಾರು ಓಡಿಸಿದಳು. ಒಂಟಿಯಾಗಿ ಮನೆಯಲ್ಲಿ ಬಿಡಲು ಹೆದರಿ ಮಗಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದ್ದಳು. ಹೊತ್ತು ಮುಳುಗುತ್ತಿತ್ತು. ಮೇಲಧಿಕಾರಿ ಅಂಚಿನಾಚೆ, ಹುಲ್ಲಿನ ಮೇಲೆ ನಿಂತಿದ್ದರು.

ಅವನು ಒಳಗೆ ಕಾಲಿಟ್ಟ. ಜೀರುಂಡೆಗಳ ಸದ್ದು ನಿಂತಿತು.

"ಅದು ಉತ್ತರದ ಗಡಿ ಸರ್. ಅದು ಪೂರ್ವ." ಹಿಮ್ಮಡಿ ಹೂತಿತು. "ದಕ್ಷಿಣ ಅಲ್ಲಿ." ಮಣ್ಣು ಮೊಣಕಾಲಿಗೆ ಬಂತು. ಬೆಚ್ಚಗೆ. ಮೆತ್ತಗೆ. ಕೆಳಗೆ ಏನೋ ಬೆರಳಂಥದ್ದು ಪಾದ ಸವರಿತು.

"ಸಹಿ ಹಾಕಿ ಸರ್!"

"ಮೊದಲು ನೀವು ಈಚೆ ಬನ್ನಿ!"

"ಬರೋಕಾಗ್ತಿಲ್ಲ! ಸಹಿ ಹಾಕಿ! ನಿಮ್ಮ ದಮ್ಮಯ್ಯ!"

ಪೆನ್ನು ಕೈಜಾರಿ ಬಿತ್ತು. ಮೇಲಧಿಕಾರಿ ಓಡಿಹೋದರು. ಹೆಂಡತಿ ಓಡಿಬಂದಳು. ಅಂಚಿನಲ್ಲಿ ಬೋರಲು ಮಲಗಿ ಕೈ ಚಾಚಿದಳು. ಅವನೂ ಚಾಚಿದ. ಸೊಂಟ. ಎದೆ. ಬೆರಳಿಗೆ ಬೆರಳು ತಾಗಿತು. ಜಾರಿತು. ಉಸಿರು ಬೇಕು. ಒಂದೇ ಒಂದು ಉಸಿರು. ತನಗಾಗಿ ಅಲ್ಲ. ಬದುಕಿರಬೇಕು. ಇನ್ನೊಂದು ಗಳಿಗೆ. ಮಗಳಿಗಾಗಿ ಇನ್ನೊಂದೇ—

ನೆಲ ಸಮವಾಯಿತು.

ಅವಳು ಉಗುರು ಕಿತ್ತುಹೋಗುವವರೆಗೆ ಅಂಚನ್ನು ಕೆರೆದಳು. ಗಟ್ಟಿ ನೆಲ, ಹಾರೆಯೂ ಇಳಿಯದಷ್ಟು ಗಟ್ಟಿ. ಹಿಂದೆ ಕಾರಿನ ಬಾಗಿಲು ತೆರೆದ ಸದ್ದಾಯಿತು.

ಮಗಳು ಅಳುತ್ತಿರಲಿಲ್ಲ. ಚಪ್ಪಲಿ ಕಳಚಿ, ಜೋಡಿಸಿಟ್ಟು, ನೆಟ್ಟಗೆ ನಡೆದು ಬಂದಳು. ತಾಯಿ ಎದ್ದು ಅವಳನ್ನು ಎದೆಗೆ ಅವುಚಿಕೊಂಡಳು.

"ಬಿಡಮ್ಮಾ," ಎಂದಿತು ಮಗು, ಸಮಾಧಾನ ಹೇಳುವಂತೆ. "ಅದು ಈಗ ನಂದು."

ತಾಯಿ ತನ್ನ ಬಲವನ್ನೆಲ್ಲ ಹಾಕಿ ಹಿಡಿದಳು. ಆರು ವರ್ಷದ ಮಗುವಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ, ಅದು ಆ ಕೈಗಳನ್ನು ಒಂದೊಂದೇ ಬೆರಳಾಗಿ ಬಿಡಿಸತೊಡಗಿತು.