ಕಲ್ಲಾನೆಯ ಮಂಡಿ

ಬಹಳ ಹಿಂದೆ ಇಳಿನಾಡು ಎಂಬ ರಾಜ್ಯದಲ್ಲಿ ಅರಮನೆಯ ಬಾತುಕೋಳಿಯೊಂದು ಹೊಟ್ಟೆ ನೆನೆಯದೆ ಹೊಳೆ ದಾಟಿತು. ಸುದ್ದಿ ತಿಳಿದು ರಾಜರು ಊಟ ಬಿಟ್ಟರು. ಮಂತ್ರಿಗಳು ಮೂರು ದಿನ ಸಭೆ ಸೇರಿ ಬಾತುಕೋಳಿಯ ಹೇಳಿಕೆ ಪಡೆದರು. ಹೊಳೆ ಬತ್ತಿದ್ದು ಆಸ್ಥಾನದ ಗಮನಕ್ಕೆ ಬಂದದ್ದು ಹೀಗೆ. ಅಂಬಿಗರ ಸಣ್ಣೀರವ್ವನ ದೋಣಿ ಮರಳಲ್ಲಿ ಕೂತು, ಅವಳ ಮನೆಯ ಒಲೆ ಸರಿಯಾಗಿ ಉರಿಯದೆ ಅಷ್ಟರಲ್ಲಿ ಎರಡು ತಿಂಗಳಾಗಿತ್ತು. ಅದಕ್ಕೆ ಸಭೆ ಸೇರಿರಲಿಲ್ಲ.

ಹೊಳೆ ಹರಿದು ಬರುವುದು ಮೇಲಿನ ಏರುನಾಡಿನಿಂದ. ಗಡಿಯಲ್ಲಿ, ಹೊಳೆಯ ನಡುವೆ, ಒಂದು ಕಲ್ಲಾನೆ ಇತ್ತು. ನೀರು ಅದರ ಹೊಟ್ಟೆ ಮುಟ್ಟಿದರೆ ಇಳಿನಾಡಿನ ಪಾಲು ಸಂದಂತೆ ಎಂದು ಹಳೆಯ ಒಪ್ಪಂದ. ತಕರಾರು ಬಂದರೆ ಮೂರು ಸೋಮವಾರ ಅಳೆಯಬೇಕು. ಮೂರು ಸಲವೂ ಮುಟ್ಟಿದರೆ ಇಳಿನಾಡಿನವರು ಮುಂದೆಂದೂ ತುಟಿ ಬಿಚ್ಚುವಂತಿಲ್ಲ. ಅಳತೆಯ ದಿನ ಮೊದಲೇ ನೋಡಿದರೆ ನೀರಿಗೆ ದೃಷ್ಟಿ ತಾಗುತ್ತದಂತೆ. ಹಾಗಾಗಿ ಅಂದು ಎರಡೂ ಕಡೆಯವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದು, ಹೊಳೆತಾಯಿ ಗಂಗವ್ವನಿಗೆ ಕೈಮುಗಿದ ಮೇಲೆ ಬಿಚ್ಚುವುದು ಪದ್ಧತಿ.

ಮೊದಲ ಸೋಮವಾರ ಮಂತ್ರಿ ಹೋದರು. ಬಟ್ಟೆ ಬಿಚ್ಚಿದಾಗ ನೀರು ಹೊಟ್ಟೆ ಮುಟ್ಟಿತ್ತು. ಇದು ಮೋಸ ಎಂದದ್ದಕ್ಕೆ ಏರುನಾಡಿನ ಮಾಂತ್ರಿಕ ಜಡೆಭೈರ, ಸೊಂಟದಲ್ಲಿ ಸದಾ ಸೋರೆಬುರುಡೆ ಕಟ್ಟಿಕೊಂಡಿರುವವನು, ಅವರನ್ನು ಕೊಕ್ಕರೆ ಮಾಡಿದ. ಎರಡನೆಯ ಸೋಮವಾರ ಸೇನಾಪತಿ ಹೋದರು. ನೀರು ಹೊಟ್ಟೆ ಮುಟ್ಟಿತ್ತು. ಅವರು ಏಡಿಯಾದರು. ಕೊಕ್ಕರೆ ಏಡಿಯನ್ನು ನೋಡುತ್ತಿದ್ದ ರೀತಿ ರಾಜರಿಗೆ ಸರಿಕಾಣಲಿಲ್ಲ.

ಮೂರನೆಯ ಸಲಕ್ಕೆ ಆಸ್ಥಾನದಲ್ಲಿ ಯಾರಿಗೂ ಬಿಡುವಿರಲಿಲ್ಲ. ಸಣ್ಣೀರವ್ವ ತಾನು ಹೋಗುವೆನೆಂದಳು. ಒಪ್ಪಂದವನ್ನು ಎರಡು ಸಲ ಓದಿಸಿ ಕೇಳಿದಳು. ಭಾನುವಾರ ಮಧ್ಯಾಹ್ನವೇ ಹೋಗಿ ಆನೆಯನ್ನು ಸುತ್ತು ಹಾಕಿದಳು. ಕಾಲಿಗೆಲ್ಲ ಪಾಚಿ ಹಿಡಿದಿತ್ತು, ಮಂಡಿ ಮಾತ್ರ ಬೋಳು. ಎಲ್ಲೋ ಉಜ್ಜದೆ ಪಾಚಿ ಹೋಗುವುದಿಲ್ಲವೆಂದು ಅಂಬಿಗರಿಗೆ ಗೊತ್ತು.

"ಮಂಡಿಗೇನಾಯ್ತಣ್ಣ?" ಎಂದಳು.

ಕಲ್ಲಾನೆ ಮಾತಾಡಿತು. "ಮುನ್ನೂರು ವರ್ಷದಿಂದ ನಿಂತಿದ್ದೀನಿ ತಂಗಿ. ಕೂತ್ಕೋ ಅಂದವನು ಜಡೆಭೈರ ಒಬ್ಬನೇ. ನೀವೆಲ್ಲ ಕಣ್ಣು ಕಟ್ಟಿಕೊಂಡಾಗ ಅಂತಾನೆ. ಕೂರ್ತೀನಿ. ಬಟ್ಟೆ ಬಿಚ್ಚಿದವರು ನೀರು ನೋಡ್ತಾರೆ, ನನ್ನ ಕಾಲು ಯಾರೂ ನೋಡಲ್ಲ."

"ಒಪ್ಪಂದದಲ್ಲಿ ಇರೋದು ಅಳತೆ ದಿನದ ಮಾತು. ಉಳಿದ ದಿನ ನೀನು ಕೂತರೆ ಕೇಳೋರ್ಯಾರು? ನಾಳೆ ಒಂದು ಗಳಿಗೆ ನಿಂತ್ಕೋ. ಮಂಡಿಗೆ ನಾನು ಎಣ್ಣೆ ತಿಕ್ತೀನಿ."

ದೋಣಿಗೆ ಬಳಿಯಲು ಇಟ್ಟಿದ್ದ ಹೊಂಗೆ ಎಣ್ಣೆಯೆಲ್ಲ ಆನೆಯ ನಾಲ್ಕು ಕಾಲಿಗೆ ಖರ್ಚಾಯಿತು.

ಸೋಮವಾರ ಎಲ್ಲರೂ ಕಣ್ಣು ಕಟ್ಟಿಕೊಂಡು ದಡದಲ್ಲಿ ನಿಂತರು. ಜಡೆಭೈರ ಮೆಲ್ಲಗೆ 'ಕೂತ್ಕೋ' ಎಂದ. ನೀರು ಸದ್ದು ಮಾಡಲಿಲ್ಲ. ಸ್ವಲ್ಪ ಗಟ್ಟಿಯಾಗಿ ಎಂದ. ಮೂರನೆಯ ಸಲ ಗದರಿದ. ಎರಡೂ ನಾಡಿನ ಅಧಿಕಾರಿಗಳು ಮರಳ ಮೇಲೆ ಕೂತರು. ಬಟ್ಟೆ ಬಿಚ್ಚಿ ನೋಡಿದರೆ ಆನೆ ನಿಂತೇ ಇತ್ತು, ನೀರು ಅದರ ಉಗುರಿನ ಮಟ್ಟದಲ್ಲಿತ್ತು.

"ಕೂತ್ಕೋ ಅಂದದ್ದು ಯಾರಿಗೆ ಸ್ವಾಮಿ?" ಎಂದು ಸಣ್ಣೀರವ್ವ ಕೇಳಿದಳು.

ಜಡೆಭೈರ ಸೊಂಟದ ಸೋರೆಬುರುಡೆಯನ್ನು ಎರಡೂ ಕೈಯಲ್ಲಿ ಅವುಚಿದ. ಮೋಸ ಬಯಲಾದ ಕೂಡಲೇ ಮಾಟ ಮುರಿಯಿತು. ಅವನು ಹೊಳೆಯನ್ನು ತುಂಬಿಟ್ಟಿದ್ದ ಸೋರೆಬುರುಡೆ ಒಡೆದು ನೀರು ಧುಮುಕಿತು. ಮಂತ್ರಿ, ಸೇನಾಪತಿ ಮನುಷ್ಯರಾದರು. ಸೇನಾಪತಿ ಕೆಲವು ದಿನ ಅಡ್ಡಡ್ಡ ನಡೆದರು. ಏರುನಾಡಿನ ರಾಜರು ತಮಗೇನೂ ಗೊತ್ತಿರಲಿಲ್ಲವೆಂದು ಪತ್ರ ಬರೆದರು. ನಂಬಿದ್ದೇವೆಂದು ಇಳಿನಾಡಿನ ರಾಜರು ಉತ್ತರಿಸಿದರು. ಜಡೆಭೈರನಿಗೆ ಆನೆಯ ಮಂಡಿಗೆ ಎಣ್ಣೆ ತಿಕ್ಕುವ ಕೆಲಸ ಸಿಕ್ಕಿತು. ಎರಡೂ ನಾಡಿನವರು ಸುಖವಾಗಿದ್ದರು.

ಸಣ್ಣೀರವ್ವನ ದೋಣಿ ತೇಲಿತು. ಬಾತುಕೋಳಿಯ ಹೊಟ್ಟೆ ನೆನೆಯಿತು.