ಕಿಮ್ಚಿ ವಾಸನೆಯ ಔಷಧಿ ಡಬ್ಬಿ

ಶನಿವಾರ ಬೆಳಿಗ್ಗೆ ಗಾರಮ್ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಹದಿನೇಳರ ಹುಡುಗಿ, ನಮ್ಮೂರು ಸುಂಚನ್‌ನ ಶಾಲೆಯೊಂದರ ಬಿಲ್ಲುಗಾರ್ತಿ, ಏಳು ವರ್ಷದಿಂದ ಇನ್ಸುಲಿನ್ ಮೇಲೆ ಬದುಕಿರುವವಳು. ನಮ್ಮ ತುರ್ತು ವಿಭಾಗಕ್ಕೆ ತಂದಾಗ ಬೆಟ್ಟ ಹತ್ತಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಜೊತೆಗೆ ವಾಂತಿ, ಹೊಟ್ಟೆನೋವು.

ರಾತ್ರಿ ತಿಂದ ಸಮುದ್ರದ ಹಸಿ ಸಿಂಪಿ ಮಾಂಸ ಕೆಟ್ಟಿರಬೇಕು ಎಂದರು ಅಜ್ಜಿ. ಇಪ್ಪತ್ತು ವರ್ಷ ನರ್ಸ್ ಆಗಿರುವ ನಾನೂ ತಲೆಯಾಡಿಸಿದೆ. ಡಾಕ್ಟರ್ ತಾಕ್ ಮಾತ್ರ ಬಗ್ಗಿ ಹುಡುಗಿಯ ಉಸಿರು ಮೂಸಿದರು.

"ಕೊಳೆತ ಪೇರ್ ಹಣ್ಣಿನ ವಾಸನೆ. ಸಿಂಪಿ ತಿಂದ್ರೆ ಹಣ್ಣಿನ ವಾಸನೆ ಬರುತ್ತಾ, ಸಿಸ್ಟರ್?"

ನಾನು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದೆ. ಸಕ್ಕರೆ ಐನೂರ ನಲವತ್ತು, ರಕ್ತದ ತುಂಬ ಕೀಟೋನ್, ಆಮ್ಲ. ಇನ್ಸುಲಿನ್ ಸಿಗದ ದೇಹ ಸಕ್ಕರೆ ಬಿಟ್ಟು ಕೊಬ್ಬನ್ನು ಉರಿಸುತ್ತದೆ; ಅದರಿಂದ ಹುಟ್ಟುವ ಕೀಟೋನಿಗೇ ಆ ಹಣ್ಣಿನ ವಾಸನೆ, ಆ ಆಮ್ಲಗುಣ. ಆ ಆಮ್ಲವನ್ನು ಹೊರಹಾಕಲು ಶ್ವಾಸಕೋಶ ಒದ್ದಾಡುತ್ತದೆ. ಮೊದಲು ಉಪ್ಪುನೀರಿನ ಡ್ರಿಪ್, ಪೊಟ್ಯಾಸಿಯಂ ನೋಡಿಕೊಂಡ ಮೇಲೆ ಇನ್ಸುಲಿನ್, ಗಂಟೆಗೊಮ್ಮೆ ರಕ್ತ ಪರೀಕ್ಷೆ. ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ನನ್ನ ಎದೆಯ ಮೇಲಿನ ಭಾರ ಇಳಿಯಿತು.

ಆದರೆ ಇನ್ಸುಲಿನ್ ತಪ್ಪಿದ್ದು ಹೇಗೆ?

ತೆಳ್ಳಗಾಗಲು ಮಗಳೇ ಬಿಟ್ಟಿದ್ದಾಳೆ ಎಂಬುದು ತಾಯಿಯ ಖಚಿತ ಅಭಿಪ್ರಾಯ. ಅಜ್ಜಿ, ಅಂದರೆ ತಮ್ಮ ಅತ್ತೆ, ಮೊಮ್ಮಗಳಿಗೆ ಕದ್ದು ತಿನ್ನಿಸುವ ಅಕ್ಕಿ ಕಡುಬಿನ ಮೇಲೂ ಅವರಿಗೆ ಅನುಮಾನವಿತ್ತು. ಸುಳ್ಳು ಹೇಳುವವಳು ಇನ್ನು ಬಿಲ್ಲು ಮುಟ್ಟುವ ಹಾಗಿಲ್ಲ ಎಂದುಬಿಟ್ಟರು. ಗಾರಮ್‌ಳ ಬಿಲ್ಲುಗಾರಿಕೆ ಪಂದ್ಯಕ್ಕೆ ಉಳಿದಿದ್ದು ಮೂರು ವಾರ.

"ಒಂದು ಹೊತ್ತೂ ಬಿಟ್ಟಿಲ್ಲ," ಗಾರಮ್ ಗೋಡೆ ಕಡೆ ತಿರುಗಿದಳು. "ಸಕ್ಕರೆ ಏರ್ತಾನೇ ಇತ್ತು, ಜಾಸ್ತಿನೇ ಚುಚ್ಕೊಂಡೆ. ಯಾರು ನಂಬ್ತಾರೆ?"

"ಯಾವತ್ತಿಂದ ಏರ್ತಿದೆ?" ಡಾಕ್ಟರ್ ಕೇಳಿದರು.

"ಬುಧವಾರದಿಂದ. ಅವತ್ತೇ ಚುಚ್ಕೊಳ್ಳೋ ಹೊಸ ಇನ್ಸುಲಿನ್ ಪೆನ್ನುಗಳನ್ನ ತೆಗೆದಿದ್ದು."

ಡಾಕ್ಟರ್ ನನ್ನ ಕಡೆ ತಿರುಗಿದರು. ಮನೆಯಿಂದ ತಂದ ಇನ್ಸುಲಿನ್ ಡಬ್ಬಿ ಎಲ್ಲಿ? ಬೆಳಿಗ್ಗೆ ನಾನೇ ಕಪಾಟಿಗೆ ಹಾಕಿದ್ದೆ. ಮೂಸಿ ನೋಡಿ ಎಂದರು.

"ಕಿಮ್ಚಿ ವಾಸನೆ," ಎಂದೆ. ಅದು ಬೆಳಿಗ್ಗೆಯೇ ಮೂಗಿಗೆ ಬಡಿದಿತ್ತು. ಆದರೆ ಎಲೆಕೋಸಿಗೆ ಉಪ್ಪು-ಖಾರ ಬೆರೆಸಿ ವರ್ಷಕ್ಕಾಗುವಷ್ಟು ಕಿಮ್ಚಿ ಹುದುಗಿಗೆ ಹಾಕುವ ವಾರದಲ್ಲಿ ಊರಿಗೆ ಊರೇ ಹಾಗೆ ನಾರುತ್ತದೆ; ಯಾರು ಲೆಕ್ಕಕ್ಕೆ ಇಡುತ್ತಾರೆ?

ಡಾಕ್ಟರ್ ತಾಯಿಯತ್ತ ನೋಡಿದರು. "ಅಮ್ಮ, ಈ ಡಬ್ಬಿ ಎಲ್ಲಿಟ್ಟಿದ್ರಿ?"

ಹಿಂದಿನ ಭಾನುವಾರ ಮನೆಯಲ್ಲಿ ಅರವತ್ತು ಎಲೆಕೋಸಿನ ಕಿಮ್ಚಿ ಹಾಕುವ ಕೆಲಸ. ದೊಡ್ಡ ಫ್ರಿಜ್ಜಿನಲ್ಲಿ ಮಾಂಸ, ಸಿಂಪಿ ತುಂಬಿ ಜಾಗವಿರಲಿಲ್ಲ. ಔಷಧಿ ತಣ್ಣಗಿರಲಿ ಎಂದು ಕಿಮ್ಚಿಗೆಂದೇ ಇರುವ ಬೇರೆ ಫ್ರಿಜ್ಜಿನ ಮೂಲೆಗೆ ಸೇರಿಸಿದ್ದಾಗಿ ಹೇಳಿದರು.

"ಅದನ್ನ ಎಷ್ಟಕ್ಕೆ ತಿರುಗಿಸಿದ್ರಿ?"

"ಮೈನಸ್ ಎರಡು. ಬೇಸಿಗೆವರೆಗೂ ಹುಳಿಯಾಗ್ಬಾರ್ದಲ್ಲ..." ಅವರು ಡಬ್ಬಿಯತ್ತ ನೋಡಿದರು.

ಡಾಕ್ಟರ್ ಪೆನ್ನೊಂದನ್ನು ದೀಪಕ್ಕೆ ಹಿಡಿದರು. ತಿಳಿಯಾಗಿರಬೇಕಾದ ದ್ರವದಲ್ಲಿ ಸಣ್ಣ ಸಣ್ಣ ಚೂರುಗಳು ತೇಲುತ್ತಿದ್ದವು. ಉಪ್ಪಿರುವ ಕಿಮ್ಚಿ ಆ ಚಳಿಗೆ ಜಗ್ಗುವುದಿಲ್ಲ, ಇನ್ಸುಲಿನ್ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ನಂಬುವಂತಿಲ್ಲ ಎಂದರು. ಇದನ್ನು ಪತ್ತೆ ಹಚ್ಚದೆ ಕಳಿಸಿದ್ದರೆ ಹುಡುಗಿ ಅದನ್ನೇ ಚುಚ್ಚಿಕೊಂಡು ಮತ್ತೆ ಬರುತ್ತಿದ್ದಳು, ಬರುವಷ್ಟು ಉಸಿರಿದ್ದರೆ.

"ಇದಕ್ಕೆ ಕಾರಣ ಸಿಂಪಿನೂ ಅಲ್ಲ, ಕಡುಬೂ ಅಲ್ಲ, ನಿಮ್ಮ ಮಗಳಂತೂ ಅಲ್ಲವೇ ಅಲ್ಲ. ಕಿಮ್ಚಿ ಫ್ರಿಜ್ಜು. ಒಳಗೆ ಇಟ್ಟವರು ನೀವು, ಅಮ್ಮ. ಕಾಳಜಿಯಿಂದಲೇ ಇಟ್ರಿ."

ತಾಯಿ ಮಗಳ ಮಂಚದ ಪಕ್ಕ ಬಂದು ಕೂತರು. "ನೀನು ಸುಳ್ಳು ಹೇಳಿರ್ಲಿಲ್ಲ, ಗಾರಮ್. ತಪ್ಪು ನಂದು."

ಗಾರಮ್ ಗೋಡೆಯಿಂದ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ತುಂಟತನ.

"ಅಜ್ಜಿಗೆ ಕಿವಿ ಮಂದ. ಇನ್ನೊಂದ್ಸಲ ಜೋರಾಗಿ ಹೇಳು."

ತಾಯಿ ವಾರ್ಡಿಗೆಲ್ಲ ಕೇಳುವಂತೆ ಹೇಳಿದರು. ಮೂರು ವಾರದ ನಂತರ ಗಾರಮ್ ಬಿಲ್ಲು ಹಿಡಿದು ನಿಂತಾಗ, ಪಕ್ಕದಲ್ಲಿ ಹೊಸ ಇನ್ಸುಲಿನ್ ಚೀಲ ಹಿಡಿದು ಕಾಯುತ್ತಿದ್ದವರೂ ಅವರೇ.